ಮರ್ಹೂನ್ ಭಾವನ ಕುಲ

ನಮ್ಮ ಮಸೀರಾ ದ್ವೀಪದಲ್ಲಿ ಗಂಡಸಿನ ಹೆಸರು ಉಳಿಯಬೇಕಾದರೆ ಅವನಿಗೆ ಗಂಡುಮಕ್ಕಳಿರಬೇಕು. ಇಲ್ಲವೇ ಅವನು ದೋಣಿ ಸಮೇತ ಯಾವುದಾದರೂ ಬಂಡೆಗೆ ಬಡಿದು ಮುಳುಗಿ, ಆ ಬಂಡೆಗಾದರೂ ಅವನ ಹೆಸರು ಬೀಳಬೇಕು. ನನ್ನ ಭಾವ ಮರ್ಹೂನನಿಗೆ ಐವರೂ ಹೆಣ್ಣುಮಕ್ಕಳು. ದೋಣಿ ಹತ್ತಿದರೆ ವಾಂತಿ. ಹೀಗಾಗಿ ಎರಡು ದಾರಿಯೂ ಮುಚ್ಚಿದ್ದವು.

ಅವನು ಬಂದರಿನ ಐಸ್ ಕಾರ್ಖಾನೆಯಲ್ಲಿ ಗುಮಾಸ್ತ. ದೋಣಿಯವರಿಗೆ ಐಸಿನ ಚೀಟಿ ಬರೆದು ಮುದ್ರೆ ಒತ್ತಿಕೊಡುವುದು ಕೆಲಸ. ಸಂಜೆ ಬುಡಕಟ್ಟಿನ ಮುಖ್ಯಸ್ಥರಾದ ಶೇಖ್ ಅವರ ಮನೆಯ ಹಜಾರದಲ್ಲಿ ಊರ ಗಂಡಸರೆಲ್ಲ ಕಾಫಿಗೆ ಕೂಡಿದಾಗ ಇವನು ಚಪ್ಪಲಿ ಬಿಡುವ ಜಾಗದ ಪಕ್ಕ ಕೂರುತ್ತಿದ್ದ. ಅಲ್ಲಿ ಎಲ್ಲರನ್ನೂ ಹಿರಿಮಗನ ಹೆಸರು ಹಿಡಿದು ಕರೆಯುವುದು ವಾಡಿಕೆ. 'ಹಿಲಾಲನ ಅಪ್ಪ', 'ಸುಹೈಲನ ಅಪ್ಪ'. ಭಾವನನ್ನು 'ಐಸು' ಅನ್ನುತ್ತಿದ್ದರು. ಈ ಹೆಸರಿಟ್ಟವನು ಬಖೀತ್. ಅವನಿಗೆ ಮೂರು ದೋಣಿ, ಏಳು ಗಂಡುಮಕ್ಕಳು, ಬಾಯಿ ಒಂದೇ ಆದರೂ ಹತ್ತು ಜನಕ್ಕೆ ಸಾಲುವಷ್ಟು.

ಇನ್ನು ಹಮೂದಜ್ಜ. ಪ್ರತಿ ಶುಕ್ರವಾರ ನಮಾಜು ಮುಗಿದ ಮೇಲೆ ನಮ್ಮ ಬುಡಕಟ್ಟಿನ ವಂಶಾವಳಿ ಹೇಳುತ್ತಿದ್ದವರು ಅವರೇ. ಪುಸ್ತಕವಿಲ್ಲ, ಕಾಗದವಿಲ್ಲ, ಇಪ್ಪತ್ತೆರಡು ತಲೆಮಾರು ನಾಲಗೆಯ ಮೇಲೆ. ಇಂಥವನ ಮಗ ಇಂಥವನು ಎಂದು ಹರಿದು ಬರುತ್ತಿದ್ದ ಪ್ರವಾಹ ಭಾವನ ಹೆಸರಿಗೆ ಬಂದು ನಿಲ್ಲುತ್ತಿತ್ತು. ಅಜ್ಜ ಗಂಟಲು ಸರಿಮಾಡಿಕೊಂಡು ಪಕ್ಕದ ಕವಲಿಗೆ ಹಾರುತ್ತಿದ್ದರು. ಆ ದಿನ ಭಾವ ಊಟ ಮುಟ್ಟುತ್ತಿರಲಿಲ್ಲ. "ಶುಕ್ರವಾರದ ಅನ್ನ ಬೆಕ್ಕಿಗೆ ಅಂತ ಬರೆದೇ ಬಿಟ್ಟಿದೆ ಈ ಮನೇಲಿ" ಎಂದು ನನ್ನ ಅಕ್ಕ ರಯ್ಯಾ ತಟ್ಟೆ ಎತ್ತುತ್ತಿದ್ದಳು. ಅವರ ಮನೆಗೂ ನನ್ನ ಮನೆಗೂ ಒಂದೇ ಅಂಗಳ. ನಮ್ಮಮ್ಮ ಜುವೈನಾ ಉಣ್ಣುತ್ತಿದ್ದುದು ನನ್ನ ಮನೆಯಲ್ಲಿ, ಅಧಿಕಾರ ನಡೆಸುತ್ತಿದ್ದುದು ಭಾವನ ಮನೆಯಲ್ಲಿ.

ಇಂಥ ಕಾಲದಲ್ಲಿ ಹಾಲೆಂಡಿನಿಂದ ಯೋರಿಸ್ ಡಾಕ್ಟರು ಬಂದರು.

ಡಾಕ್ಟರು ಅಂದಮೇಲೆ ಊರು ಸುಮ್ಮನಿರುತ್ತದೆಯೇ? ಮೊದಲ ವಾರವೆಲ್ಲ ಮಂಡಿನೋವಿನವರು, ಕಣ್ಣು ಮಂಜಾದವರು, ಸೊಸೆಯ ಮೇಲೆ ದೂರಿದ್ದವರು ಅವರ ಬಿಡಾರದ ಮುಂದೆ ಸಾಲು ನಿಂತರು. "ನಾನು ಕಡಲ ಬಸವನಹುಳುಗಳ ಪಂಡಿತನಾಗಿರುತ್ತೇನೆ" ಎಂದು ಅವರು ಪುಸ್ತಕದಲ್ಲಿ ಕಲಿತ ನಮ್ಮ ಭಾಷೆಯಲ್ಲಿ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಹುಳಕ್ಕೆ ಡಾಕ್ಟರಿದ್ದಾರೆ, ಅದನ್ನು ನೋಡಲು ಅಷ್ಟು ದೂರದಿಂದ ಬರುತ್ತಾರೆ ಎಂದರೆ ಯಾರು ನಂಬುತ್ತಾರೆ? ಕಡೆಗೆ ಬೇಸತ್ತು ಎಲ್ಲರಿಗೂ "ಜಲಪಾನ ಮಾಡಿರಿ" ಎಂದು ಕಳಿಸಿದರು. ಅರ್ಧ ಜನಕ್ಕೆ ಗುಣವಾಯಿತು.

ದಿನಾ ಬೆಳಿಗ್ಗೆ ಅವರು ದೋಣಿಗಳ ಹತ್ತಿರ ಹೋಗಿ, ಬಲೆ ಕೊಡವಿದಾಗ ಬೀಳುವ ಕಸದ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಒಂದು ದಿನ ಬಖೀತನ ದೋಣಿಗೆ ಐಸಿನ ಚೀಟಿ ಕೊಡಲು ಹೋಗಿದ್ದ ಭಾವ, ಅವನು ಬರುವ ತನಕ ಹೊತ್ತು ಹೋಗದೆ, ಕಸದಲ್ಲಿದ್ದದ್ದೊಂದನ್ನು ಕಾಲ್ಬೆರಳಲ್ಲಿ ಎತ್ತಿ "ಇದು ಬೇಕಾ?" ಅಂದ. ಹೆಬ್ಬೆರಳ ಗಾತ್ರದ ಕಂದು ಚಿಪ್ಪಿನ ಹುಳ. ಮೈಯೆಲ್ಲ ಮುಳ್ಳು, ನೋಡಿದರೆ ಊಟ ಸೇರಬಾರದು. ಡಾಕ್ಟರು ಮಂಡಿಯೂರಿ ಕೂತುಬಿಟ್ಟರು.

"ಮಹನೀಯರೇ, ತಮ್ಮ ನಾಮಧೇಯವೇನು?"

ಭಾವನ ಹೆಸರನ್ನು ಒಬ್ಬ ಮನುಷ್ಯ ತಾನಾಗಿ ಕೇಳಿದ್ದು ಅದೇ ಮೊದಲು. ತನ್ನದು, ಅಪ್ಪನದು, ಅಜ್ಜನದು ಎಲ್ಲ ಸೇರಿಸಿ ಹೇಳಿದನಂತೆ. ಡಾಕ್ಟರು ಅಷ್ಟನ್ನೂ ಬರೆದುಕೊಂಡರು. ಇಂಥ ಹುಳವನ್ನು ತಾನು ಕಂಡಿಲ್ಲ, ಇದು ಹೊಸ ಕುಲವೇ ಆಗಿದ್ದರೆ ಆ ಕುಲಕ್ಕೆ ಮರ್ಹೂನ್ ಎಂದೇ ಹೆಸರಿಡುತ್ತೇನೆ, ಜಗತ್ತಿನ ಎಲ್ಲ ಗ್ರಂಥಗಳಲ್ಲೂ ಅದು ಇರುತ್ತದೆ ಎಂದು ಮಾತು ಕೊಟ್ಟರು. ಭಾವ ಚೀಟಿ ಕೊಡುವುದನ್ನು ಮರೆತು ಮನೆಗೆ ಓಡಿ ಬಂದ. ಆ ದಿನ ಬಖೀತನ ಮೀನೆಲ್ಲ ಕೆಟ್ಟಿತು.

ಸಂಜೆ ಹಜಾರದಲ್ಲಿ ದೊಡ್ಡ ಸಭೆ. ಡಾಕ್ಟರು ಚಾಪೆಯ ಮೇಲೆ ಚಿಪ್ಪುಗಳನ್ನು ಹರಡಿ, ಇದು ಕುಟುಂಬ, ಇವು ಆ ಕುಟುಂಬದ ಕುಲಗಳು, ಇವು ಕುಲದೊಳಗಿನ ಕವಲುಗಳು ಎಂದು ವಿವರಿಸಿದರು. ಪಾಠ ಹೇಳಿ ಅಭ್ಯಾಸವಿದ್ದ ಅವರಿಗೆ, ಮೊದಲ ಸಲಕ್ಕೇ ಎಲ್ಲರಿಗೂ ಅರ್ಥವಾದದ್ದು ಕಂಡು ಗಾಬರಿಯಾಯಿತು. ನಮಗೆ ಅದನ್ನು ಹೇಳಿಕೊಡಬೇಕೇ? ನಾವು ಹುಟ್ಟಿದಾಗಿನಿಂದ ಅದೇ ಕಸುಬು.

"ಇದರ ಅಪ್ಪ ಯಾರು?" ಎಂದು ಹಮೂದಜ್ಜ ಮುಳ್ಳುಹುಳವನ್ನು ತೋರಿಸಿ ಕೇಳಿದರು.

"ತಿಳಿಯದು."

"ಚಿಕ್ಕಪ್ಪ, ದೊಡ್ಡಪ್ಪ?"

"ಅದನ್ನೇ ಪರಿಶೋಧಿಸಬೇಕಾಗಿರುತ್ತದೆ. ಹಳೆಯ ಕುಲವೊಂದರ ದಾಯಾದಿಯೋ ಅಥವಾ ಪ್ರತ್ಯೇಕ ಕುಲವೋ ಎಂಬುದನ್ನು ಚಿಪ್ಪಿನಿಂದ ಹೇಳಲಾಗದು. ಚಿಪ್ಪು ವಂಚಿಸುತ್ತದೆ. ಬಾಯಿಯನ್ನು ಮುಚ್ಚುವ ಮುಚ್ಚಳ ಮತ್ತು ನಾಲಗೆಯ ಮೇಲಿನ ಹಲ್ಲುಗಳು, ಇವೆರಡೇ ಸತ್ಯವನ್ನು ನುಡಿಯುತ್ತವೆ."

"ಅದೇನು ಹೊಸ ವಿಷಯ!" ಅಜ್ಜ ನಕ್ಕರು. "ಮನುಷ್ಯನೂ ಅಷ್ಟೇ ಅಲ್ವಾ ಡಾಕ್ಟ್ರೇ. ಅಂಗಿ ನೋಡಿ ಕುಲ ಹೇಳೋಕಾಗುತ್ತಾ? ಬಾಯಿ ಬಿಡಿಸ್ಬೇಕು."

ಈ ಮಾತುಕತೆಯೆಲ್ಲ ಗಂಡಸರ ಹಜಾರದಲ್ಲಿ ನಡೆಯಿತು ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು. ಹಜಾರದ ಮಾತು ಮನೆಗೆ ಬರುವಾಗ ಜಂಬ ಮಾತ್ರ ಬರುತ್ತದೆ, ವಿಷಯ ದಾರಿಯಲ್ಲೇ ಉದುರಿಹೋಗುತ್ತದೆ. ನಮ್ಮ ಮನೆಯ ಹೆಂಗಸರಿಗೆ ತಿಳಿದದ್ದು ಇಷ್ಟೇ: ಹುಳಕ್ಕೆ ಮರ್ಹೂನನ ಹೆಸರಿಡುತ್ತಾರೆ, ಊಟ ಹಾಕಿಸಬೇಕು.

ಊಟದ ಮಾತು ಬಂದದ್ದು ಹೀಗೆ. ಬಖೀತ್ ಎದ್ದು ನಿಂತ.

"ಬಲೆ ನಂದು. ದೋಣಿ ನಂದು. ನನ್ನ ಬಲೇಲಿ ಬಿದ್ದಿದ್ದಕ್ಕೆ ಐಸಿನ ಹೆಸರಾ? ಯಾವ ನ್ಯಾಯ ಇದು?"

"ನಿನಗೆ ಏಳು ಜನ ಇದಾರಲ್ಲೋ" ಅಂದರು ಶೇಖರು. "ಒಂದು ಹುಳಾನಾದ್ರೂ ಅವನಿಗೆ ಬಿಡಯ್ಯ."

ಹಜಾರವೆಲ್ಲ ನಕ್ಕಿತು. ಭಾವನೂ ನಕ್ಕ, ಆದರೆ ಕೈಯಲ್ಲಿದ್ದ ಕಾಫಿ ಚೆಲ್ಲಿತು.

"ಅಲ್ಲ, ನಾಳೆ ಯಾರಾದ್ರೂ ಹಸಿದೋರು ಮರ್ಹೂನನ್ನ ಬೇಯಿಸ್ಕೊಂಡು ತಿಂದ್ರೆ?" ಎಂದು ಬಖೀತ್ ಬಿಡಲಿಲ್ಲ. "ನಮ್ಮ ಬುಡಕಟ್ಟಿನ ಮಾನ ಏನಾಗ್ಬೇಕು? ಅಪ್ಪ ಯಾರು ಅಂತ ಗೊತ್ತಿಲ್ಲದ ಪ್ರಾಣಿ!"

ಹಮೂದಜ್ಜ ಕೈಯೆತ್ತಿದರು. ಪರದೇಶಿಯೊಬ್ಬ ನಮ್ಮ ಬುಡಕಟ್ಟಿನ ಹೆಸರು ಬೇಕೆಂದು ಬಂದರೆ ಹಿರಿಯರು ಹಾಕಿಕೊಟ್ಟ ಕ್ರಮವಿದೆ: ಒಬ್ಬ ಜಾಮೀನು, ಇಬ್ಬರು ಸಾಕ್ಷಿ, ಇಡೀ ಬುಡಕಟ್ಟಿಗೆ ಆಡಿನ ಮಾಂಸದ ಊಟ. ಆಮೇಲೆ ಅವನು ನಮ್ಮವನು, ಕೇಳುವವರಿಲ್ಲ. ಹುಳಕ್ಕೂ ಅದೇ ಕ್ರಮ ಎಂದು ತೀರ್ಮಾನವಾಯಿತು. ಜಾಮೀನು ಮರ್ಹೂನ್. ಸಾಕ್ಷಿಗಳು ಡಾಕ್ಟರು ಮತ್ತು, ಬಲೆಯ ಯಜಮಾನನೆಂಬ ಕಾರಣಕ್ಕೆ, ಹಲ್ಲು ಕಡಿಯುತ್ತಿದ್ದ ಬಖೀತ್. ಭಾವ ಅಂದು ಚಪ್ಪಲಿಗಳ ಪಕ್ಕದಿಂದ ಮೂರು ಮೊಳ ಒಳಕ್ಕೆ ಸರಿದು ಕೂತಿದ್ದನ್ನು ನಾನು ಕಣ್ಣಾರೆ ಕಂಡೆ.

ಆದರೆ ಹುಳವನ್ನು ದೇಶದಿಂದ ಹೊರಗೆ ಒಯ್ಯಲು ಪರವಾನಗಿ ಬೇಕಿತ್ತು. ಅದಕ್ಕೆ ಕಡಲು ದಾಟಿ ಕಚೇರಿಗೆ ಹೋಗಬೇಕು. ಪರವಾನಗಿ ಇಲ್ಲದೆ ಹುಳವನ್ನು ಹಡಗಿಗೆ ಹತ್ತಿಸುವಂತಿಲ್ಲ. ಹಾಗಾಗಿ ಡಾಕ್ಟರು ಅದನ್ನು ಸ್ಪಿರಿಟ್ ತುಂಬಿದ ಗಾಜಿನ ಭರಣಿಯಲ್ಲಿ ಹಾಕಿ, ಮುಚ್ಚಳ ಬಿಗಿದು, "ನಿಮ್ಮ ಪ್ರಾಣದಂತೆ ಕಾಪಾಡಿರಿ" ಎಂದು ಭಾವನ ಕೈಗಿತ್ತರು. ನನ್ನನ್ನು ಮಾತಿಗೆ ಜೊತೆಯಾಗಿ ಕರೆದುಕೊಂಡು ಹೊರಟರು.

ಕಚೇರಿಯ ಅಧಿಕಾರಿ ಬಹಳ ಸಭ್ಯ ಮನುಷ್ಯ. ಕಾಫಿ ಕೊಟ್ಟ, ಖರ್ಜೂರ ಕೊಟ್ಟ, ಪರವಾನಗಿ ಮಾತ್ರ ಕೊಡಲಿಲ್ಲ.

"ಪ್ರಾಣಿ ಹೆಸರು?"

"ಹೆಸರು ಇನ್ನೂ ಇರುವುದಿಲ್ಲ. ನಾನು ನಾಮಕರಣ ಮಾಡಲಿದ್ದೇನೆ."

"ಹಾಗಿದ್ರೆ ಮಾಡ್ಕೊಂಡು ಬನ್ನಿ."

"ನಾಮಕರಣಕ್ಕಾಗಿ ನನ್ನ ದೇಶಕ್ಕೆ ಒಯ್ಯಬೇಕಾಗಿರುತ್ತದೆ."

"ಒಯ್ಯೋಕೆ ಪರವಾನಗಿ ಬೇಕಲ್ಲ ಸ್ವಾಮಿ."

"ದಯಪಾಲಿಸಿ."

"ಅದಕ್ಕೇ ಕೇಳ್ತಿರೋದು. ಪ್ರಾಣಿ ಹೆಸರು?"

ಹೀಗೆ ಎರಡು ದಿನ. ಮೂರನೆಯ ದಿನ ಡಾಕ್ಟರು ಗೋಡೆ ನೋಡುತ್ತಾ ತಮ್ಮ ಭಾಷೆಯಲ್ಲಿ ಏನೋ ಗೊಣಗತೊಡಗಿದರು. ನನಗೆ ತಡೆಯಲಾಗಲಿಲ್ಲ. "ಮರ್ಹೂನ್ ಅಂತ ಬರ್ಕೊಳ್ಳಿ!" ಎಂದು ಕಿರುಚಿದೆ. ಅಧಿಕಾರಿಯ ಮುಖ ಅರಳಿತು. ಪಾಪ, ಅವನಿಗೂ ಪರವಾನಗಿ ಕೊಡುವ ಆಸೆಯೇ ಇತ್ತು.

"ಊರು?"

"ಮಸೀರಾ."

"ಎಷ್ಟು?"

"ಒಂದು."

"ಬದುಕಿದೆಯೋ, ಸತ್ತಿದೆಯೋ?"

"ಸತ್ತಿದೆ."

"ಹೊರದೇಶಕ್ಕೆ ಯಾಕೆ?"

"ಕುಲ ಪತ್ತೆ ಹಚ್ಚೋಕೆ."

ಅವನು ಮುತ್ತು ಪೋಣಿಸಿದಂತೆ ಬರೆದು ಮುದ್ರೆ ಒತ್ತಿದ: 'ಮರ್ಹೂನ್, ಮಸೀರಾ, ಒಂದು, ಮೃತ. ಕುಲ ತಿಳಿದಿಲ್ಲ. ದೇಶದಿಂದ ಹೊರಗೆ ಸಾಗಿಸಲು ಅಡ್ಡಿಯಿಲ್ಲ.' ಕಾಫಿ ತರುವ ಜವಾನ ಅಧಿಕಾರಿಯ ಹಿಂದೆ ನಿಂತು ಅದನ್ನು ಓದಿ, ಕಣ್ಣು ಒರೆಸಿಕೊಂಡು ಹೊರಗೆ ಹೋದ. ನಾನು ಅದನ್ನು ಕಂಡೂ ಏನೆಂದು ಯೋಚಿಸಲಿಲ್ಲ. ಅವನು ಭಾವನ ಸೋದರತ್ತೆ ನಸ್ರಾಳ ಊರಿನವನೆಂದು ನನಗೆ ಹೇಗೆ ತಿಳಿಯಬೇಕು?

ಹೋಗಿಬರುವ ದಾರಿಯೂ ಸೇರಿ ಈ ಐದು ದಿನ ಮನೆಯಲ್ಲಿ ನಡೆದದ್ದನ್ನು ಆಮೇಲೆ ಅಕ್ಕ ಹೇಳಿ ಗೊತ್ತಾಯಿತು.

ಭಾವ ಭರಣಿಯನ್ನು ಮೊದಲು ಐಸ್ ಕಾರ್ಖಾನೆಗೆ ಒಯ್ದ. ಅಲ್ಲಿನ ಮ್ಯಾನೇಜರು ಮೂಗು ಮುಚ್ಚಿಕೊಂಡು, "ಸಾರಾಯಿ ತಗೊಂಡು ಬಂದಿದೀಯಾ, ನಾಚಿಕೆ ಆಗಲ್ವಾ?" ಎಂದು ಹೊರಗೆ ಹಾಕಿದರು. ಅವನು ಅದನ್ನು ಮನೆಗೆ ತಂದು, ಯಾರಿಗೂ ಹೇಳದೆ, ರಜಾಯಿಗಳ ಪೆಟ್ಟಿಗೆಯ ತಳದಲ್ಲಿ ಸುತ್ತಿಟ್ಟ. ಮುಚ್ಚಳ ಎಷ್ಟು ಬಿಗಿದರೂ ವಾಸನೆ ವಾಸನೆಯೇ. ಜೀವಮಾನವೆಲ್ಲ ಧೂಪ ಅರೆದ ನಮ್ಮಮ್ಮನ ಮೂಗಿಗೆ ಅಂಗಳ ದಾಟುವ ಮೊದಲೇ ಅದು ಬಡಿಯಿತು. ಅಳಿಯ ಕುಡಿಯಲು ಶುರುಮಾಡಿದ್ದಾನೆ ಎಂದು ಅವಳು ತೀರ್ಮಾನಿಸಿದಳು. ಎರಡು ದಿನ ಅವನು ಬಾಯಿ ತೆರೆದಾಗಲೆಲ್ಲ ಹತ್ತಿರ ಹೋಗಿ ನಿಲ್ಲುತ್ತಿದ್ದಳಂತೆ. ಅತ್ತೆಗೆ ಈಗೀಗ ತನ್ನ ಮೇಲೆ ಅಕ್ಕರೆ ಬಂದಿದೆ ಎಂದು ಭಾವ ಹಿಗ್ಗಿದನಂತೆ.

ಮೂರನೆಯ ದಿನ ಅಮ್ಮನೂ ಅಕ್ಕನೂ ಪೆಟ್ಟಿಗೆ ತೆಗೆದರು.

"ಅಯ್ಯೋ ನನ್ನ ಹಣೆಬರಹವೇ! ಹುಳಾನ ಸಾರಾಯೀಲಿ ಅದ್ದಿ ಇಟ್ಟಿದಾನಲ್ಲೇ!"

"ಊಟಕ್ಕೆ ಬಂದೋರು ಮೂಸಿ ನೋಡಿದ್ರೆ ಏನಮ್ಮ ಗತಿ? ಐದು ಹೆಣ್ಣುಮಕ್ಕಳನ್ನ ಯಾರು ಮಾಡ್ಕೋತಾರೆ?" ಎಂದು ಅಕ್ಕ ಅತ್ತಳು.

ಮನೆತನದ ಮರ್ಯಾದೆ ಉಳಿಸಲು ಇಬ್ಬರೂ ಸೇರಿ ಸ್ಪಿರಿಟನ್ನು ಆಡಿನ ಕೊಟ್ಟಿಗೆಯ ಹಿಂದೆ ಮರಳಿಗೆ ಸುರಿದರು. ಹುಳವನ್ನು ಏಳು ನೀರಿನಲ್ಲಿ ತೊಳೆದರು. ಒಳಗಿನ ಮಾಂಸವನ್ನು ಸೂಜಿಯಿಂದ ಎಳೆದು ಬೆಕ್ಕಿಗೆ ಹಾಕಿದರು. ಬೆಕ್ಕು ಸಂಜೆಯವರೆಗೆ ಗೋಡೆ ಹಿಡಿದು ನಡೆಯಿತಂತೆ. ಚಿಪ್ಪನ್ನು ತೆಂಗಿನೆಣ್ಣೆಯಲ್ಲಿ ಉಜ್ಜಿ ಕನ್ನಡಿಯಂತೆ ಮಾಡಿ ಬೆಳ್ಳಿ ತಟ್ಟೆಯಲ್ಲಿಟ್ಟರು. ಉಳಿದದ್ದು ಬಾಯಿಯ ಮುಚ್ಚಳ. ಅದನ್ನು ನಮ್ಮ ಹೆಂಗಸರು 'ಉಗುರು' ಎನ್ನುತ್ತಾರೆ. ಹುರಿದು ಪುಡಿಮಾಡಿ ಗಂಧ, ಕಸ್ತೂರಿ, ಗುಲಾಬಿ ನೀರಿನ ಜೊತೆ ಸೇರಿಸಿದರೆ ಧೂಪಕ್ಕೆ ಅದೇ ಜೀವ. ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಅಂಚಿನಲ್ಲಿ ಜೇನಿನ ಬಣ್ಣ, ನಡುವೆ ಸುರುಳಿ. ಅರವತ್ತು ವರ್ಷದಲ್ಲಿ ಇಂಥ ಉಗುರು ಅವಳ ಕೈಗೆ ಬಂದಿರಲಿಲ್ಲ.

ಅವಳನ್ನು ಬೈಯುವವರು ಅವಳ ವಾದವನ್ನೂ ಕೇಳಬೇಕು. "ಈ ದಡದಲ್ಲಿ ಪರದೇಶದೋರನ್ನ ಐವತ್ತು ವರ್ಷದಿಂದ ನೋಡ್ತಿದೀನಿ ಕಣೋ. ಚಿಪ್ಪು ಚೀಲಕ್ಕೆ ಹಾಕ್ಕೋತಾರೆ, ಉಗುರು ಬಿಸಾಡ್ತಾರೆ. ಅವ್ರು ಬಿಸಾಡೋದನ್ನ ನಾನು ತಗೊಂಡೆ, ಅದೂ ಅಳಿಯನ ಊಟಕ್ಕೇ ಅಂತ. ತಪ್ಪೇನಿದೆ?"

ಊಟದ ದಿನ ಕಡಲ ನೀರು ಇಳಿದು ನಮ್ಮ ಹಡಗು ಮರಳ ದಿಬ್ಬಕ್ಕೆ ಸಿಕ್ಕಿ ನಾಲ್ಕು ಗಂಟೆ ನಿಂತಿತು. ಅಷ್ಟರಲ್ಲಿ ಪಕ್ಕದಲ್ಲೇ ಒಂದು ಚಿಕ್ಕ ದೋಣಿ ಹಾದುಹೋಯಿತು. ಅದರಲ್ಲಿ ಕರಿಯ ಬಟ್ಟೆಯ ಹೆಂಗಸರು ನಾಲ್ವರು ಎದೆ ಬಡಿದುಕೊಳ್ಳುತ್ತಿದ್ದರು. "ಯಾರ ಮನೇಲೋ ಸಾವು, ಪಾಪ" ಅಂದೆ ನಾನು.

ನಾವು ಮನೆ ಮುಟ್ಟುವ ಹೊತ್ತಿಗೆ ಊಟ ಮುಗಿದಿತ್ತು. ಭಾವ ಹೊಸ ಮುಂಡಾಸು ಸುತ್ತಿ ತನ್ನ ಮನೆಯ ಹಜಾರದ ನಟ್ಟನಡುವೆ ಕೂತಿದ್ದ. ಅವನ ಎದುರಿಗೆ ಸೋದರತ್ತೆ ನಸ್ರಾ ಕೆಂಡದಂತೆ ಉರಿಯುತ್ತಿದ್ದಳು. ಬಾಗಿಲು ತೆಗೆದ ಭಾವನನ್ನೇ ಪಕ್ಕಕ್ಕೆ ತಳ್ಳಿ, ಹೆಣ ಎಲ್ಲಿ ಎಂದು ಮೂರು ಕೋಣೆ ಹುಡುಕಿದ್ದಳಂತೆ.

"ಸತ್ತಿಲ್ಲ ಅಂದ್ರೆ ಮೊದ್ಲೇ ಹೇಳ್ಬಾರ್ದೇನೋ? ಈ ವಯಸ್ಸಲ್ಲಿ ಕಡಲು ದಾಟ್ಕೊಂಡು ಬಂದಿದೀನಿ ನಾನು!"

"ತಪ್ಪಾಯ್ತು ಅತ್ತೆ."

"ಕುಲ ಗೊತ್ತಿಲ್ಲ ಅಂತ ಸರ್ಕಾರದ ಕಾಗದದಲ್ಲಿ ಬರೆದವ್ರೆ! ನನ್ನಣ್ಣನ ಮಗನಿಗೆ ಕುಲ ಇಲ್ವಾ?"

"ಇರ್ಲಿ ಬಿಡು ಅತ್ತೆ, ಅದು ಹುಳದ್ದು. ಮಾಂಸ ಹಾಕ್ಕೋ." ಭಾವನ ಮುಖದಲ್ಲಿ ಅಂದಿದ್ದ ಬೆಳಕನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ಅವನು ಡಾಕ್ಟರನ್ನು ಕೈಹಿಡಿದು ತನ್ನ ಪಕ್ಕ ಕೂರಿಸಿಕೊಂಡ.

ಆಗಲೇ ಧೂಪ ಬಂತು. ನಮ್ಮಲ್ಲಿ ಧೂಪ ಬರುವುದು ಕಡೆಗೆ. ಮಣ್ಣಿನ ಧೂಪಪಾತ್ರೆ ಕೈಯಿಂದ ಕೈಗೆ ತಿರುಗುತ್ತದೆ, ಒಬ್ಬೊಬ್ಬರೂ ಗಡ್ಡಕ್ಕೆ, ಅಂಗಿಯ ಒಳಕ್ಕೆ ಹೊಗೆ ಹಿಡಿಸಿಕೊಳ್ಳುತ್ತಾರೆ. ಅಂದು ಅದು ತಿರುಗಿದಂತೆಲ್ಲ ಮಾತು ನಿಂತುಹೋಯಿತು. ಶೇಖರು ಕಣ್ಣು ಮುಚ್ಚಿ ಎರಡು ಸಲ ಎಳೆದುಕೊಂಡರು. ಬಖೀತ್ ಕೂಡ ಹಟ ಬಿಟ್ಟು ಮುಂಡಾಸು ಬಿಚ್ಚಿ ಹೊಗೆಗೆ ಹಿಡಿದ. ಪಾತ್ರೆ ಡಾಕ್ಟರ ಗಡ್ಡದ ಕೆಳಗೆ ಬಂತು.

"ಅಹಾ! ಈ ಸುಗಂಧವು ಅಪೂರ್ವವಾಗಿರುತ್ತದೆ. ಇದರ ಮೂಲದ್ರವ್ಯ ಯಾವುದು?"

ಪರದೆಯ ಹಿಂದಿನಿಂದ ಅಮ್ಮನ ಧ್ವನಿ ಹೆಮ್ಮೆಯಿಂದ ಬಂತು. "ಹೇಳಪ್ಪಾ ಸುವೈದ್, ಅವ್ರದೇ ಹುಳದ ಉಗುರು ಅಂತ."

ನಾನು ಹೇಳುವ ಅಗತ್ಯವೂ ಇರಲಿಲ್ಲ. ಡಾಕ್ಟರು ಬೆಳ್ಳಿ ತಟ್ಟೆಯಲ್ಲಿ ಹೊಳೆಯುತ್ತಿದ್ದ ಚಿಪ್ಪನ್ನು ಎತ್ತಿದರು, ತಿರುಗಿಸಿದರು, ಒಳಗೆ ಬೆರಳಿಟ್ಟರು.

"ನಾಲಗೆ?" ಎಂದರು ಪಿಸುಮಾತಿನಲ್ಲಿ.

"ಬೆಕ್ಕು ತಿಂತು" ಅಂದಳು ಅಮ್ಮ.

ಡಾಕ್ಟರು ಕಾಫಿಯ ಚಮಚ ಹಿಡಿದು ಕೆಂಡ ಕೆದಕಿದರು. ಬೆರಳು ಸುಟ್ಟುಕೊಂಡರು. ಸಿಕ್ಕಿದ್ದು ಒಂದು ಚಿಟಿಕೆ ಕಪ್ಪು ಬೂದಿ. ಹೊಗೆ ಮಾತ್ರ ಅವಸರವಿಲ್ಲದೆ ಕಿಟಕಿಯ ಕಡೆ ಹೋಗುತ್ತಿತ್ತು.

"ನೋಡ್ಕೊಳ್ರಪ್ಪಾ" ಅಂದ ಬಖೀತ್. "ಮರ್ಹೂನನ ಕುಲ ಕಿಟಕಿಯಿಂದ ಹೋಗ್ತಾ ಇದೆ."

ಭಾವ ಎದ್ದ. ಹೋಗಿ ಕಿಟಕಿ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತ. ಆದರೆ ಧೂಪ ತಿರುಗಿದ ಮೇಲೆ ಅತಿಥಿಗಳು ಕೂರುವಂತಿಲ್ಲ, ಅದು ನಮ್ಮ ಶಿಷ್ಟಾಚಾರ. ಸಮಾಧಾನ ಹೇಳಬೇಕೆಂದಿದ್ದವರೂ ಚಪ್ಪಲಿ ಹುಡುಕಿಕೊಂಡು ಹೊರಡಬೇಕಾಯಿತು. ಹತ್ತು ನಿಮಿಷದಲ್ಲಿ ಹಜಾರ ಖಾಲಿ. ಹೊಗೆಯೊಳಗೆ ಭಾವ, ಡಾಕ್ಟರು, ನಾನು. ಇನ್ನೊಂದು ಮೂಲೆಯಲ್ಲಿ, ಬಂದ ಕೆಲಸ ಕೂಡಿಬಂತೆಂದು, ಅಳಲು ಶುರುಮಾಡಿದ ನಸ್ರಾ ಅತ್ತೆ.

ಡಾಕ್ಟರು ದೊಡ್ಡ ಮನುಷ್ಯ. ಮಾರನೆಯ ದಿನ ಚಿಪ್ಪನ್ನು ಹತ್ತಿಯಲ್ಲಿ ಸುತ್ತಿಕೊಂಡು, "ಚಿಪ್ಪೊಂದರಿಂದಲೇ ಪ್ರಯತ್ನಿಸುವೆ" ಎಂದು ಹೇಳಿ ಹೋದರು. ಅವರ ಕೋಟು ಹಡಗಿನ ತನಕ ಘಮಘಮಿಸುತ್ತಿತ್ತು.

ಹದಿನಾಲ್ಕು ತಿಂಗಳು ಕಳೆಯಿತು. ಬಖೀತ್ ಭಾವನಿಗೆ ಹೊಸ ಹೆಸರಿಟ್ಟಿದ್ದ: 'ಹುಳದ ಅಪ್ಪ'. ಭಾವನಿಗೆ ಸಿಟ್ಟು ಬರಲಿಲ್ಲ. ಕರೆದಾಗಲೆಲ್ಲ "ಏನು?" ಎಂದು ತಿರುಗುತ್ತಿದ್ದ. ಕಡೆಗೂ ಯಾರಿಗೋ ಅಪ್ಪನಾಗಿದ್ದನಲ್ಲ. ದಿನಾ ಬಂದರಿಗೆ ಹೋಗಿ ಅಂಚೆ ಚೀಲ ಬಂತೇ ಎಂದು ಕೇಳುತ್ತಿದ್ದ. ಒಂದು ಶುಕ್ರವಾರ ನಿಜಕ್ಕೂ ಬಂತು: ಎರಡು ತೆಳ್ಳನೆಯ ಪುಸ್ತಕ, ಒಂದು ಕಾಗದ.

ಓದಲು ಶಾಲೆಯ ಫತ್ಹಿ ಮೇಷ್ಟ್ರನ್ನು ಶೇಖರ ಹಜಾರಕ್ಕೆ ಕರೆಸಿದರು. ಈಜಿಪ್ಟಿನವರು, ಇಂಗ್ಲಿಷು ಬಲ್ಲವರು. ಮೇಷ್ಟ್ರು ಮೊದಲ ಪುಸ್ತಕ ತೆರೆದು, ಪುಟದ ಮೇಲೆ ಬೆರಳಿಟ್ಟು, "ಹೊಸ ಕುಲ. ಹೆಸರು, ಮರ್ಹೂನ್" ಎಂದು ಓದಿದರು. ಹಜಾರದಲ್ಲಿ ಚಪ್ಪಾಳೆ. ಯಾರೋ ಹಲ್ವಾ ತರಲು ಓಡಿದರು. ಭಾವ ಪುಸ್ತಕ ಇಸಿದುಕೊಂಡು, ತನಗೆ ಬಾರದ ಅಕ್ಷರಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

ಮೇಷ್ಟ್ರು ಎರಡನೆಯ ಪುಸ್ತಕ ತೆರೆದರು. ಓದುತ್ತಾ ಓದುತ್ತಾ ಅವರ ಧ್ವನಿ ಇಳಿಯಿತು.

"ಇದನ್ನ ಬರೆದಿರೋದು ಬೇರೆ ಪಂಡಿತರು. ನಮ್ಮ ಡಾಕ್ಟರ್ ಜೊತೆ ಹದಿನೆಂಟು ವರ್ಷದಿಂದ ಮಾತು ಬಿಟ್ಟಿರೋರಂತೆ."

"ಏನಂತಾರೆ?"

"ಮುಚ್ಚಳ ಇಲ್ಲ, ನಾಲಗೆ ಇಲ್ಲ, ಬರೀ ಚಿಪ್ಪು ನೋಡಿ ಕುಲ ಕಟ್ಟಿದ್ದು ಸರಿಯಲ್ಲ ಅಂತಾರೆ. ಇದು ಹೊಸದೇನಲ್ಲ, ಹಳೇ ಕುಲದ್ದೇ ಒಂದು ಎಳೇ ಮರಿ. ದಡದಲ್ಲೆಲ್ಲ ಸಿಗುತ್ತಂತೆ. ಇಲ್ಲಿ ಚಿತ್ರ ಇದೆ ನೋಡಿ."

ಪುಸ್ತಕ ಸುತ್ತು ಬಂತು. ಬಖೀತ್ ನೋಡಿ ಹೊಟ್ಟೆ ಹಿಡಿದುಕೊಂಡ. "ಅಯ್ಯೋ, ಇದು ನಾವು ಗಾಳಕ್ಕೆ ಸಿಕ್ಕಿಸೋದಲ್ವಾ!"

ಭಾವ ಮೊದಲ ಪುಸ್ತಕವನ್ನು ಎದೆಗೆ ಒತ್ತಿಕೊಂಡ. "ಹಾಗಾದ್ರೆ ನನ್ನ ಹೆಸರು ಅಳಿಸಿಬಿಟ್ರಾ ಮೇಷ್ಟ್ರೇ?"

ಮೇಷ್ಟ್ರು ಡಾಕ್ಟರ ಕಾಗದ ಬಿಡಿಸಿದರು. "ಅಳಿಸೋ ಹಾಗಿಲ್ಲವಂತೆ. ಒಂದ್ಸಲ ಅಚ್ಚಾದ ಹೆಸರನ್ನ ಯಾರೂ ಅಳಿಸೋ ಹಾಗಿಲ್ಲ, ಅದು ಅವರ ಶಾಸ್ತ್ರದ ನಿಯಮ. ಇನ್ಮುಂದೆ ಯಾರು ಈ ಹುಳದ ವಿಷಯ ಸಂಪೂರ್ಣವಾಗಿ ಬರೆದ್ರೂ, ಸರಿಯಾದ ಹೆಸರಿನ ಕೆಳಗೆ, 'ಮರ್ಹೂನ್, ಇಂಥ ವರ್ಷ, ತಪ್ಪು' ಅಂತ ಬರೀಬೇಕು. ಮತ್ತೆ ಬೇರೆ ಯಾವ ಪ್ರಾಣಿಗೂ ಈ ಹೆಸರನ್ನ ಇನ್ನು ಇಡೋ ಹಾಗಿಲ್ಲವಂತೆ."

"ಎಲ್ಲಿವರೆಗೆ?"

"ಪುಸ್ತಕ ಅನ್ನೋದು ಇರೋವರೆಗೆ."

"ಅಬ್ಬಬ್ಬಾ!" ಬಖೀತ್ ತೊಡೆ ತಟ್ಟಿದ. "ಪ್ರಳಯದವರೆಗೂ ತಪ್ಪು! ನಮ್ಮ ಬುಡಕಟ್ಟಲ್ಲಿ ಇಂಥ ಸಾಧನೆ ಯಾರೂ ಮಾಡಿಲ್ಲ ಬಿಡ್ರಪ್ಪಾ!"

ಹಜಾರ ಉರುಳಿ ಉರುಳಿ ನಕ್ಕಿತು. ಹೇಳಲು ನಾಚಿಕೆಯಾಗುತ್ತದೆ, ನಾನೂ ನಕ್ಕೆ. ನಗು ಮುಗಿಯುವ ತನಕ ಭಾವ ಕಾದ. ಆಮೇಲೆ ಹಮೂದಜ್ಜನ ಕಡೆ ತಿರುಗಿದ.

"ಅಜ್ಜಾ, ಅವ್ರದ್ದು ಹಂಗಾಯ್ತು. ನಮ್ಮಲ್ಲಿ ನನ್ನಂಥೋನ್ನ ಏನ್ ಮಾಡ್ತೀರಿ?"

"ಏನ್ ಮಾಡೋದು ಅಂದ್ರೆ?"

"ಗಂಡುಮಕ್ಕಳಿಲ್ದೋನ್ನ. ವಂಶ ಹೇಳುವಾಗ."

ಅಜ್ಜ ಗಡ್ಡ ನೀವಿಕೊಂಡರು. "ಅವನ ಕಾಲ ಇರೋವರ್ಗೆ ಹೇಳ್ತೀವಪ್ಪ. ಆಮೇಲೆ ಬಿಡ್ತೀವಿ. ಇಪ್ಪತ್ತೆರಡು ತಲೆಮಾರು ಇಷ್ಟು ತಲೇಲಿ ಇಟ್ಕೋಬೇಕು ನಾನು. ಎಲ್ಲಾರ್ನೂ ಎಲ್ಲಿ ಇಡ್ಲಿ ಹೇಳು?"

"ನಿಮ್ಮಪ್ಪನಿಗೆ ಅಣ್ಣತಮ್ಮಂದಿರು ಇರ್ಲಿಲ್ವಾ?"

"ಇದ್ರು, ಇಬ್ರು. ಇಬ್ರಿಗೂ ಗಂಡುಮಕ್ಕಳಿರ್ಲಿಲ್ಲ. ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಕಡಲಿಗೆ ಕರ್ಕೊಂಡು ಹೋಗೋರು. ನನಗೆ ಈಜು ಕಲಿಸಿದ್ದೇ ಅವ್ರು."

"ಹೆಸರೇನು ಅಜ್ಜಾ ಅವ್ರದ್ದು?"

ಹಮೂದಜ್ಜ ಬಾಯಿ ತೆರೆದರು. ಏನೂ ಬರಲಿಲ್ಲ. ಶೇಖರ ಮುಖ ನೋಡಿದರು, ಶೇಖರು ನೆಲ ನೋಡಿದರು. ಹಜಾರದಲ್ಲಿದ್ದ ಮುದುಕರೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡರು. ಬಖೀತನ ನಗು ಎಲ್ಲಿ ಹೋಯಿತೋ ತಿಳಿಯದು. ಹಲ್ವಾ ತಟ್ಟೆಯನ್ನು ಯಾರೋ ಸದ್ದಾಗದಂತೆ ಕೆಳಗಿಟ್ಟರು.

"ಮೇಷ್ಟ್ರೇ" ಅಂದ ಭಾವ. "ಆ ತಪ್ಪಿನ ಸಾಲು ಇನ್ನೊಂದ್ಸಲ ಓದಿ."

ಮೇಷ್ಟ್ರು ಓದಿದರು.

"ವರ್ಷಾನೂ ಓದಿ."

ಮೇಷ್ಟ್ರು ವರ್ಷವನ್ನೂ ಓದಿದರು. ಭಾವ ಕಣ್ಣು ಮುಚ್ಚಿಕೊಂಡು ಕೇಳಿದ. ಹಮೂದಜ್ಜ ಇನ್ನೂ ತುಟಿ ಅಲ್ಲಾಡಿಸುತ್ತಲೇ ಇದ್ದರು.